ಅಂಗಡಿಯ ಬಾಗಿಲೂ ಗಿರಾಕಿಯ ಮುಖವೂ

ಬಾಗಿಲು ಅಂಗಡಿಯವನದು, ಮುಖ ಗಿರಾಕಿಯದು. ಇವೆರಡರ ನಡುವಣ ವ್ಯಾಜ್ಯವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕದ್ದವನನ್ನೋ ಜಗಳ ತೆಗೆದವನನ್ನೋ "ಇನ್ನು ಇತ್ತ ಬರಬೇಡ" ಎಂದು ಹೊರಗಿಡುವ ಅಧಿಕಾರ ವ್ಯಾಪಾರಿಗೆ ಉಂಟು. ಜಾತಿಮತಗಳ ಕಾರಣದಿಂದ ಅಂಗಡಿ ಹೋಟೆಲುಗಳಿಗೆ ಪ್ರವೇಶ ನಿರಾಕರಿಸುವುದನ್ನು ನಮ್ಮ ಸಂವಿಧಾನದ 15ನೆಯ ವಿಧಿ ನಿಷೇಧಿಸಿದೆ. ದುರ್ನಡತೆಯ ಕಾರಣ ಬೇರೆ. ಹಿಂದೆ ಇಂಥವರನ್ನು ಗುರುತಿಸಲು ವ್ಯಾಪಾರಿಯ ನೆನಪೇ ಸಾಧನವಾಗಿತ್ತು. ನೆನಪು ಮಾಸುತ್ತದೆ, ಮಾಸಿದಲ್ಲಿ ಕ್ಷಮೆಗೆ ಎಡೆಯಾಗುತ್ತದೆ. ಈಗ ನೆನಪಿನ ಕೆಲಸವನ್ನು ಛಾಯಾಚಿತ್ರ ವಹಿಸಿಕೊಂಡಿದೆ. ಹೊರಗಿಡುವ ಅಧಿಕಾರವಿದ್ದ ಮಾತ್ರಕ್ಕೆ ಮುಖವನ್ನು ಹಿಡಿದಿಡುವ ಅಧಿಕಾರವೂ ಬಂದೀತೆ?

ಸ್ಪೇನ್ ದೇಶದ ಮೆರ್ಕಡೋನಾ ಎಂಬ ದಿನಸಿ ಮಳಿಗೆಗಳ ಸಂಸ್ಥೆ 2020ರಲ್ಲಿ ಕೆಲವು ಮಳಿಗೆಗಳಲ್ಲಿ ಮುಖ ಗುರುತಿಸುವ ಕ್ಯಾಮೆರಾಗಳನ್ನು ಇರಿಸಿತು. ಮಳಿಗೆಗೆ ಕಾಲಿಡಬಾರದೆಂದು ನ್ಯಾಯಾಲಯವೇ ಆಜ್ಞಾಪಿಸಿದ್ದವರನ್ನು ಪತ್ತೆಹಚ್ಚುವುದು ಅದರ ಉದ್ದೇಶ. ಉದ್ದೇಶದಲ್ಲಿ ದೋಷವಿರಲಿಲ್ಲ. ಆದರೆ ಆ ಒಬ್ಬನನ್ನು ಗುರುತಿಸಲು ಯಂತ್ರವು ಒಳಬರುವ ಎಲ್ಲರ ಮುಖಗಳನ್ನೂ ಅಳೆಯಬೇಕಾಗಿತ್ತು: ತಾಯಿಯ ಕೈಹಿಡಿದು ಬಂದ ಮಗುವಿನದನ್ನೂ, ಅಲ್ಲಿಯೇ ದುಡಿಯುವ ನೌಕರನದನ್ನೂ. ಇದು ಕಾನೂನಿಗೆ ವಿರುದ್ಧವೆಂದು ಆ ದೇಶದ ದತ್ತಾಂಶ ಸಂರಕ್ಷಣಾ ಸಂಸ್ಥೆ ನಿರ್ಣಯಿಸಿತು. 2021ರಲ್ಲಿ ಮೆರ್ಕಡೋನಾ 25,20,000 ಯೂರೋ ದಂಡ ತೆತ್ತಿತು.

ಯಂತ್ರ ಎಡವಿದರೆ ಅನ್ಯಾಯ ಇನ್ನೂ ಘೋರ. ಅಮೆರಿಕದ ರೈಟ್ ಏಡ್ ಔಷಧದಂಗಡಿಗಳು 2012ರಿಂದ 2020ರವರೆಗೆ ಶಂಕಿತರ ಚಿತ್ರಗಳನ್ನು ಸಂಗ್ರಹಿಸಿಟ್ಟುಕೊಂಡು, ಬಂದವರ ಮುಖಗಳನ್ನು ಅವುಗಳೊಡನೆ ಹೋಲಿಸುತ್ತಿದ್ದವು. ತಪ್ಪು ಹೋಲಿಕೆಯಿಂದಾಗಿ 11 ವರ್ಷದ ಹುಡುಗಿಯೊಬ್ಬಳನ್ನು ತಡೆದು ಶೋಧಿಸಲಾಯಿತೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಆಪಾದಿಸಿತು. ಐದು ವರ್ಷ ಆ ಯಂತ್ರವನ್ನು ಮುಟ್ಟಕೂಡದೆಂಬ ಕಟ್ಟಳೆ 2023ರ ಡಿಸೆಂಬರಿನಲ್ಲಿ ಹೊರಬಿದ್ದಿತು.

ನಮ್ಮಲ್ಲಿ ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಮೂರ್ತಿಗಳ ಪೀಠ 2017ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಎಂಬುದು ನಮಗೆ ಅಭಿಮಾನದ ಸಂಗತಿ. ಖಾಸಗಿ ಸಂಸ್ಥೆಗಳನ್ನೂ ಒಳಗೊಳ್ಳುವ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಕಾಯಿದೆಯ ಮಾತು ಅದು. ನನಗೆ ತೋರುವ ನ್ಯಾಯ ಇಷ್ಟು: ಕೃತ್ಯ ನಡೆದಾಗ ತೆಗೆದ ಚಿತ್ರ ಪೊಲೀಸರಿಗೂ ಬಾಗಿಲು ಕಾಯುವವನಿಗೂ ದೊರೆಯಲಿ. ಅದು ಗೋಡೆಗೇರಿ ಊರಿಗೆಲ್ಲ ಪ್ರದರ್ಶನವಾಗುವುದು ಬೇಡ. ನೆರೆಯಂಗಡಿಗಳಿಗೆಲ್ಲ ಹಂಚಿಕೆಯಾಗುವುದೂ ಬೇಡ. ಇಂತಿಷ್ಟು ಕಾಲ ಕಳೆದ ಮೇಲೆ ಅದನ್ನು ಅಳಿಸಿಬಿಡಲಿ. ಶಿಕ್ಷೆಗೂ ಒಂದು ಅವಧಿಯುಂಟು. ಅವಧಿಯಿಲ್ಲದ ಶಿಕ್ಷೆಯನ್ನು ವಿಧಿಸುವ ಅಧಿಕಾರವನ್ನು ನಾವು ಯಾವ ವ್ಯಾಪಾರಿಗೂ ಒಪ್ಪಿಸಿಲ್ಲ.