ಸಾಲಗಾರನ ಮಾನ ಮತ್ತು ಜಮಾಅತ್‌ನ ಹೊಣೆ

(ಹಳಿಯಾಳ ತಾಲೂಕಿನ ತೇರಗಾಂವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಮನೆಗೆ ರೋಗ ಬಂದರೆ ನಾವು ನೆರೆಯವರಿಗೆ ಹೇಳುತ್ತೇವೆ. ಸಾವಾದರೆ ಮಸೀದಿಯಲ್ಲಿ ಘೋಷಿಸುತ್ತೇವೆ. ಸಾಲ ಬಂದರೆ ಮಾತ್ರ ಬಾಗಿಲು ಮುಚ್ಚಿಕೊಳ್ಳುತ್ತೇವೆ. ಗಂಡ ಮಾಡಿದ ಕೈಗಡ ಹೆಂಡತಿಗೆ ತಿಳಿದಿರುವುದಿಲ್ಲ. ಹೆಂಡತಿ ತೆಗೆದ ಸಂಘದ ಸಾಲ ಗಂಡನಿಗೆ ತಿಳಿದಿರುವುದಿಲ್ಲ. ಸಾಲ ವಸೂಲಿಗೆ ಬರುವವನಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಆದುದರಿಂದಲೇ ಅವನು ಬೀದಿಯಲ್ಲಿ ನಿಂತು ಧ್ವನಿ ಏರಿಸುತ್ತಾನೆ. ನಮ್ಮ ನಾಚಿಕೆಯೇ ಅವನ ಬಲವಾಗಿ ಬಿಟ್ಟಿದೆ. ಇಂದು ಆ ಬಾಗಿಲನ್ನು ತೆರೆದು ಮಾತಾಡೋಣ.

ಮೊದಲು ನಮ್ಮ ಈ ಸೀಮೆಯ ಸ್ಥಿತಿಯನ್ನು ನೋಡೋಣ. ಹಳಿಯಾಳದ ಸುತ್ತ ಕಬ್ಬು, ಭತ್ತ, ಗೋವಿನಜೋಳ, ಹತ್ತಿ ಬೆಳೆಯುತ್ತಾರೆ. ಬೆಳೆಯ ಹಣ ಕೈಗೆ ಬರುವುದು ವರ್ಷಕ್ಕೊಮ್ಮೆ ಅಥವಾ ಎರಡು ಬಾರಿ. ಆದರೆ ಸಂಘದ ಕಂತು ಬರುವುದು ವಾರಕ್ಕೊಮ್ಮೆ ಅಥವಾ ತಿಂಗಳಿಗೊಮ್ಮೆ. ಆದಾಯದ ಕಾಲವೇ ಬೇರೆ, ಕಂತಿನ ಕಾಲವೇ ಬೇರೆ. ಈ ನಡುವಿನ ಕಂದಕವನ್ನು ತುಂಬಲು ಎರಡನೆಯ ಸಾಲ, ಎರಡನೆಯದನ್ನು ತೀರಿಸಲು ಮೂರನೆಯದು. ದುಂದುವೆಚ್ಚ ಮಾಡದ ಕುಟುಂಬವೂ ಹೀಗೆ ಮುಳುಗುತ್ತದೆ. ಆದ್ದರಿಂದ ಸಾಲದಲ್ಲಿರುವವರನ್ನೆಲ್ಲ ಸೋಮಾರಿಗಳೆಂದು ಜರೆಯುವುದು ಅನ್ಯಾಯ. ರೈತನಿಗೆ ಬರಬೇಕಾದ ಬಾಕಿಯೂ ಒಂದು ಹಕ್ಕೆಂಬುದನ್ನು ಮರೆಯಬಾರದು. 1966ರ ಕಬ್ಬು ನಿಯಂತ್ರಣ ಆದೇಶದಂತೆ, ಕಬ್ಬು ಪೂರೈಸಿದ 14 ದಿನಗಳೊಳಗೆ ಕಾರ್ಖಾನೆಯು ರೈತನಿಗೆ ಹಣ ಪಾವತಿಸಬೇಕು.

ಇನ್ನು ದಿನಗಂತಿನ ಲೆಕ್ಕ. ಹತ್ತು ಸಾವಿರದ ಸಾಲವೆಂದು ಬರೆದುಕೊಂಡು ಒಂದು ಸಾವಿರವನ್ನು ಮೊದಲೇ ಮುರಿದು ಒಂಭತ್ತು ಸಾವಿರ ಕೈಗಿಡುತ್ತಾರೆ. ದಿನಕ್ಕೆ 100 ರೂಪಾಯಿಯಂತೆ 100 ದಿನ ಕಟ್ಟಬೇಕು. 'ಸಾವಿರ ರೂಪಾಯಿ ತಾನೇ' ಎಂದು ನಾವು ಭಾವಿಸುತ್ತೇವೆ. ಆದರೆ ಅಸಲು ದಿನದಿನವೂ ಕರಗುತ್ತಿರುವುದರಿಂದ ಇದರ ನಿಜವಾದ ದರ ವರ್ಷಕ್ಕೆ ಶೇಕಡಾ 75ನ್ನು ಮೀರುತ್ತದೆ. ನೂರಕ್ಕೆ ತಿಂಗಳಿಗೆ ಐದು ರೂಪಾಯಿ ಎಂಬ ಕೈಸಾಲವಂತೂ ವರ್ಷಕ್ಕೆ ಶೇಕಡಾ 60. ಯಾವ ಚಿಲ್ಲರೆ ವ್ಯಾಪಾರ ಇಷ್ಟು ಲಾಭ ತಂದೀತು? ಬಡ್ಡಿಯನ್ನು ಕುರ್‌ಆನ್ ಏಕೆ ಅಷ್ಟು ಕಠೋರವಾಗಿ ನಿಷೇಧಿಸಿತೆಂಬುದಕ್ಕೆ ನಮ್ಮ ಬೀದಿಯ ಈ ಲೆಕ್ಕವೇ ಸಾಕ್ಷಿ.

ಸಹೋದರರೇ, ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಬಡ್ಡಿ ಹರಾಮ್ ಆಗಿರುವಾಗ, ಕಂತು ಕಟ್ಟಬೇಡಿ ಎಂದು ಜಮಾಅತ್ ಆದೇಶಿಸಿದರೆ ತೊಂದರೆ ತೀರದೇ? ಈ ಪ್ರಯೋಗ ನಮ್ಮ ರಾಜ್ಯದಲ್ಲೇ ನಡೆದಿದೆ. 2009ರ ಆರಂಭದಲ್ಲಿ ಕೋಲಾರದಲ್ಲಿ ಸ್ಥಳೀಯ ಅಂಜುಮನ್, ಮುಸ್ಲಿಂ ಮಹಿಳೆಯರು ಕಿರುಸಾಲ ಸಂಸ್ಥೆಗಳೊಂದಿಗೆ ವ್ಯವಹರಿಸಬಾರದೆಂದು ತಡೆಯಿತು. ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲೂ ಕಂತುಗಳು ನಿಂತವು. ರೇಷ್ಮೆಯ ಕೆಲಸವನ್ನೇ ನಂಬಿದ್ದ ಆ ಕುಟುಂಬಗಳ ಮೇಲೆ ಹಲವು ಸಂಸ್ಥೆಗಳ ಸಾಲ ಒಂದರ ಮೇಲೊಂದು ಬಿದ್ದಿತ್ತು, ಆಕ್ರೋಶಕ್ಕೆ ಕಾರಣವಿತ್ತು. ಆದರೆ ಮುಂದೇನಾಯಿತು? ಸಂಸ್ಥೆಗಳು ಆ ಪ್ರದೇಶಕ್ಕೆ ಸಾಲ ಕೊಡುವುದನ್ನು ನಿಲ್ಲಿಸಿದವು. ಹಣದ ಅಗತ್ಯವಂತೂ ನಿಲ್ಲಲಿಲ್ಲ. ಬಡ್ಡಿಯ ಒಂದು ಬಾಗಿಲನ್ನು ಮುಚ್ಚಿದವರು ಬಡ್ಡಿರಹಿತ ಬಾಗಿಲೊಂದನ್ನು ತೆರೆಯದಿದ್ದರೆ, ಬಡವಳು ಹೋಗುವುದು ಇನ್ನೂ ಕ್ರೂರವಾದ ಮೂರನೆಯ ಬಾಗಿಲಿಗೆ.

ಪಡೆದ ಅಸಲು ಇನ್ನೊಬ್ಬರ ಹಕ್ಕು. ಅದನ್ನು ನುಂಗಲು ಧರ್ಮವನ್ನು ನೆಪವಾಗಿಸುವಂತಿಲ್ಲ. ಪ್ರವಾದಿವರ್ಯರಿಂದ(ಸ) ತನಗೆ ಬರಬೇಕಾದುದನ್ನು ಒಬ್ಬಾತ ಒರಟಾಗಿ ಕೇಳಿದಾಗ ಸಹಾಬಿಗಳು ಕೆರಳಿದರು. ಪ್ರವಾದಿವರ್ಯರು(ಸ) ಅವರನ್ನು ತಡೆದು, ಹಕ್ಕುಳ್ಳವನಿಗೆ ಮಾತಾಡುವ ಅಧಿಕಾರವಿದೆಯೆಂದು ತಿಳಿಹೇಳಿ, ಪಡೆದುದಕ್ಕಿಂತ ಉತ್ತಮವಾದುದನ್ನೇ ಮರಳಿಸಿದರು. ಶಕ್ತಿಯಿದ್ದೂ ಸತಾಯಿಸುವುದನ್ನು ಅವರು ಅಕ್ರಮವೆಂದರು. ಆದರೆ ಇದೇ ಶಿಕ್ಷಣದ ಇನ್ನೊಂದು ಮುಖವೂ ಇದೆ. ಸಾಲಗಾರನು ನಿಜಕ್ಕೂ ಸಂಕಷ್ಟದಲ್ಲಿದ್ದರೆ ಅವನ ಸ್ಥಿತಿ ಸುಧಾರಿಸುವ ತನಕ ವಾಯಿದೆ ಕೊಡಬೇಕೆಂದೂ ಬಿಟ್ಟುಕೊಟ್ಟರೆ ಇನ್ನೂ ಉತ್ತಮವೆಂದೂ ಅಲ್‌ಬಕರ ಅಧ್ಯಾಯದ 280ನೇ ಸೂಕ್ತವು ಆದೇಶಿಸುತ್ತದೆ.

ಕೊಡುವವನ ಹಕ್ಕಿಗೆ ಮಿತಿಯಿದೆ ಎಂಬುದನ್ನು ಇಂದು ದೇಶದ ಕಾನೂನೂ ಹೇಳುತ್ತದೆ. 2025ರ ಜನವರಿಯಲ್ಲಿ ವಸೂಲಿಗಾರರ ಕಾಟಕ್ಕೆ ಅಂಜಿ ಚಾಮರಾಜನಗರ ಜಿಲ್ಲೆಯ ಕುಟುಂಬಗಳು ಮನೆಗೆ ಬೀಗ ಹಾಕಿ ಊರು ತೊರೆದ ಸುದ್ದಿ ನಾಡನ್ನು ಕಲಕಿತು. ರಾಜ್ಯ ಸರಕಾರ ತಂದ ಸುಗ್ರೀವಾಜ್ಞೆಯನ್ನು ರಾಜ್ಯಪಾಲರು ಮೊದಲು ಹಿಂದಿರುಗಿಸಿ, ಬಳಿಕ ಫೆಬ್ರವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷಗಳ ತನಕ ಸೆರೆವಾಸ ಮತ್ತು ಐದು ಲಕ್ಷದ ತನಕ ದಂಡವನ್ನು ಅದು ವಿಧಿಸುತ್ತದೆ. ಠಾಣೆಯಲ್ಲಿ ದೂರನ್ನು ನಿರಾಕರಿಸುವಂತಿಲ್ಲ. ಪರವಾನಿಗೆಯಾಗಲಿ ನೋಂದಣಿಯಾಗಲಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆಯೇ ಎಂದೂ ಅದರಲ್ಲಿದೆ. ಆದರೆ ಎಲ್ಲ ಸಾಲವೂ ಮನ್ನಾ ಆಯಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಬ್ಯಾಂಕಿನ ಮತ್ತು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಸಂಸ್ಥೆಯ ಸಾಲ ಸಾಲವಾಗಿಯೇ ಉಳಿದಿದೆ.

ಅಂಥ ನೋಂದಾಯಿತ ಸಂಸ್ಥೆಗಳಿಗೂ ಅಂಕುಶವಿದೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ರಿಸರ್ವ್ ಬ್ಯಾಂಕ್ ನಿಯಮಗಳ ಪ್ರಕಾರ, ವಾರ್ಷಿಕ ಆದಾಯ ಮೂರು ಲಕ್ಷದೊಳಗಿನ ಕುಟುಂಬಕ್ಕೆ ಕೊಡುವ ಕಿರುಸಾಲಕ್ಕೆ ಒತ್ತೆ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತು ಸೇರಿ ಕುಟುಂಬದ ಆದಾಯದ ಅರ್ಧವನ್ನು ಮೀರಬಾರದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಬಳಿಕ ವಸೂಲಿಗಾಗಿ ಕರೆ ಮಾಡುವಂತಿಲ್ಲ. ಬೈಯುವುದು, ಬೆದರಿಸುವುದು, ಬಂಧುಗಳನ್ನು ಪೀಡಿಸುವುದು, ಸಾಲಗಾರರ ಹೆಸರನ್ನು ಪ್ರಕಟಿಸುವುದು ನಿಷಿದ್ಧ. ತಡವಾದುದಕ್ಕೆ ದಂಡ ಹಾಕುವುದಾದರೆ ಬಾಕಿಯಾದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲೆ ಅಲ್ಲ. ಇವುಗಳನ್ನು ಮೀರಿದರೆ ಮೊದಲು ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ.

ಹಾಗಾದರೆ ಸಾಲದಲ್ಲಿರುವ ಕುಟುಂಬ ಇಂದು ರಾತ್ರಿಯೇ ಏನು ಮಾಡಬೇಕು? ಗಂಡ ಹೆಂಡತಿ ಒಟ್ಟಿಗೆ ಕುಳಿತು ಒಂದು ಪುಸ್ತಕದಲ್ಲಿ ಎಲ್ಲವನ್ನೂ ಬರೆಯಲಿ: ಯಾರಿಂದ, ಎಷ್ಟು ಅಸಲು, ಈ ತನಕ ಕಟ್ಟಿದ್ದೆಷ್ಟು, ಉಳಿದದ್ದೆಷ್ಟು. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಸಾಲವನ್ನು ಬರೆದಿಡುವ ಕುರಿತಾದುದು. ನಾವು ಮಾತ್ರ ಬಾಯಿಮಾತಿನಲ್ಲೇ ಬದುಕುತ್ತಿದ್ದೇವೆ. ಅನ್ನ, ಔಷಧ, ಮಕ್ಕಳ ಶಾಲೆಗೆ ಬೇಕಾದುದನ್ನು ಮೊದಲು ತೆಗೆದಿಡಿ. ಉಳಿದುದರಲ್ಲಿ ಎಷ್ಟು ಕಟ್ಟಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಮಾತು ಕೊಡಿ. ಅದನ್ನು ಬರೆಹದಲ್ಲಿ ಕೇಳಿ, ಕಟ್ಟಿದ ಪ್ರತಿ ರೂಪಾಯಿಗೂ ರಶೀದಿ ಪಡೆಯಿರಿ. ಒಂದು ಸಾಲ ತೀರಿಸಲು ದುಬಾರಿಯಾದ ಇನ್ನೊಂದು ಸಾಲ ಬೇಡ. ಮೊಬೈಲಿನಲ್ಲಿ ಕ್ಷಣಾರ್ಧದಲ್ಲಿ ಸಿಗುವ ಸಾಲವಂತೂ ಬೇಡವೇ ಬೇಡ.

ಸಹಿ ಹಾಕಿದ ಖಾಲಿ ಚೆಕ್ ಯಾರಿಗೂ ಕೊಡಬೇಡಿ. ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಅಷ್ಟಕ್ಕೇ ಪೊಲೀಸರು ಬಂಧಿಸುವಂತಿಲ್ಲ. ಆದರೆ ಚೆಕ್ ಅಮಾನ್ಯವಾದರೆ ಅದು ಕ್ರಿಮಿನಲ್ ಮೊಕದ್ದಮೆಯಾಗುತ್ತದೆ, ಎರಡು ವರ್ಷಗಳ ತನಕ ಶಿಕ್ಷೆಯಿದೆ. ನೋಟೀಸು ಕೈಸೇರಿದ ಮೇಲೆ ಹಣ ಪಾವತಿಸಲು ಸಿಗುವುದು 15 ದಿನ. ಆದ್ದರಿಂದ ವಕೀಲರ ನೋಟೀಸನ್ನು ಟ್ರಂಕಿನಲ್ಲಿ ಮಡಚಿಟ್ಟು ಕೂರಬೇಡಿ. ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡಗಳವರಿಗೆ ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ನಮ್ಮ ಜಿಲ್ಲೆಯ ಸಿದ್ದಿ ಬಾಂಧವರೂ ಈ ಹಕ್ಕನ್ನು ತಿಳಿದಿರಬೇಕು. ಲೋಕ ಅದಾಲತ್‌ನಲ್ಲಿ ರಾಜಿಗೂ ಅವಕಾಶವಿದೆ.

ಈಗ ನಮ್ಮ ಮಾತು ಸಾಲಗಾರನಿಂದ ಜಮಾಅತ್‌ನ ಕಡೆಗೆ ತಿರುಗಬೇಕು. ಸಾಲದ ಹೊರೆಯಿದ್ದವನ ಜನಾಝ ಬಂದಾಗ ಪ್ರವಾದಿವರ್ಯರು(ಸ) ಸ್ವತಃ ನಮಾಝ್ ನಿರ್ವಹಿಸದೆ ಹಿಂದೆ ಸರಿದರು. ಅಬೂ ಕತಾದ(ರ) ಆ ಸಾಲವನ್ನು ತಾನು ವಹಿಸಿಕೊಂಡ ಬಳಿಕವೇ ನಮಾಝ್ ನಡೆಯಿತು. ನಾವು ಈ ಘಟನೆಯನ್ನು ಸಾಲಗಾರನನ್ನು ಹೆದರಿಸಲು ಮಾತ್ರ ಹೇಳುತ್ತೇವೆ. ಸಾಲಿನಿಂದ ಒಬ್ಬಾತ ಮುಂದೆ ಬಂದು ಹೊಣೆ ಹೊತ್ತನಲ್ಲ, ಆ ಭಾಗವನ್ನು ಮರೆಯುತ್ತೇವೆ. ಮುಂದೆ ಸಂಪತ್ತು ಬಂದಾಗ ಅಂಥವರ ಸಾಲವನ್ನು ಪ್ರವಾದಿವರ್ಯರೇ(ಸ) ವಹಿಸಿಕೊಂಡರು ಎಂಬುದನ್ನೂ ಮರೆಯುತ್ತೇವೆ.

ಇನ್ನೊಂದು ಘಟನೆ ಮಸೀದಿಯದ್ದೇ. ಕಅಬ್ ಬಿನ್ ಮಾಲಿಕ್(ರ) ಮತ್ತು ಅವರ ಸಾಲಗಾರನ ನಡುವೆ ಮಸೀದಿಯಲ್ಲಿ ಮಾತು ಏರಿತು. ಪ್ರವಾದಿವರ್ಯರು(ಸ) ಪರದೆ ಸರಿಸಿ, ಅರ್ಧ ಬಿಟ್ಟುಕೊಡಲು ಕಅಬ್‌ರಿಗೆ ಸನ್ನೆ ಮಾಡಿದರು. ಅವರು ಒಪ್ಪಿದೊಡನೆ ಸಾಲಗಾರನಿಗೆ, ಏಳು, ಉಳಿದರ್ಧವನ್ನು ಸಲ್ಲಿಸು ಎಂದರು. ಇಬ್ಬರ ಹಕ್ಕೂ ಉಳಿಯಿತು, ಇಬ್ಬರ ಮಾನವೂ ಉಳಿಯಿತು. ನಮ್ಮ ಜಮಾಅತ್‌ಗಳು ಮಾಡಬೇಕಾದುದು ಇದನ್ನೇ. ಗುಟ್ಟು ಕಾಪಾಡಬಲ್ಲ ಮೂವರು ಹಿರಿಯರು, ಒಬ್ಬ ಲೆಕ್ಕ ತಿಳಿದ ಯುವಕ, ಮಹಿಳೆಯರೊಡನೆ ಮಾತಾಡಲು ಒಬ್ಬ ವಿದ್ಯಾವಂತ ಸಹೋದರಿ. ಇಷ್ಟು ಮಂದಿ ತಿಂಗಳಿಗೊಂದು ಸಂಜೆ ಕುಳಿತರೂ ಎಷ್ಟೋ ಮನೆಗಳು ಉಳಿದಾವು.

ಹಣ ಎಲ್ಲಿಂದ ಎಂದು ಕೇಳಬಹುದು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲದಲ್ಲಿ ಸಿಲುಕಿದವರನ್ನು ಅತ್ತೌಬ ಅಧ್ಯಾಯದ 60ನೇ ಸೂಕ್ತ ಹೆಸರಿಸುತ್ತದೆ. ರಮಝಾನಿನಲ್ಲಿ ಐವತ್ತು ನೂರರಂತೆ ಮನೆ ಬಾಗಿಲಲ್ಲಿ ಹಂಚಿ ಮುಗಿಸುವ ಹಣವನ್ನು ಒಟ್ಟುಗೂಡಿಸಿದರೆ ವರ್ಷಕ್ಕೆ ಕೆಲವು ಕುಟುಂಬಗಳನ್ನಾದರೂ ಬಡ್ಡಿಯ ಬಾವಿಯಿಂದ ಮೇಲೆತ್ತಬಹುದು. ಜೊತೆಗೆ ಬಡ್ಡಿರಹಿತ ಸಾಲದ ನಿಧಿ ಬೇಕು. ದೇವ್‌ಬಂದ್‌ನಲ್ಲಿ 1961ರಲ್ಲಿ ಆರಂಭವಾದ ಮುಸ್ಲಿಂ ಫಂಡ್, ಜನರ ಸಣ್ಣ ಉಳಿತಾಯವನ್ನು ಸಂಗ್ರಹಿಸಿ ಒಡವೆಯ ಒತ್ತೆಯ ಮೇಲೆ ಬಡ್ಡಿಯಿಲ್ಲದೆ ಸಾಲ ಕೊಡುವ ದಾರಿ ತೋರಿತು. ನಮ್ಮಂಥ ಊರಿಗೆ ಅಷ್ಟು ದೊಡ್ಡದು ಬೇಡ. ಲೆಕ್ಕ ತೆರೆದಿಡುವ, ಕೊಟ್ಟದ್ದನ್ನು ಮರಳಿ ಪಡೆಯುವ ಶಿಸ್ತಿರುವ ಚಿಕ್ಕ ನಿಧಿ ಸಾಕು. ದುಡಿಮೆಗೆ ಕೌಶಲ ಬೇಕೆನ್ನುವ ಯುವಕ ಯುವತಿಯರಿಗೆ ಹಳಿಯಾಳದಲ್ಲೇ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯಿದೆ.

ಆದರೆ ಒಂದು ತೂತನ್ನು ಮುಚ್ಚದೆ ಯಾವ ನಿಧಿಯೂ ನಿಲ್ಲದು: ನಮ್ಮ ಮದುವೆಗಳು. ವರದಕ್ಷಿಣೆ, ಸಾವಿರ ಜನರ ಔತಣ, ವರನಿಗೆ ಮೋಟಾರು ಸೈಕಲು ಎಂದು ಒಂದು ದಿನದ ಆಡಂಬರಕ್ಕೆ ಹುಡುಗಿಯ ತಂದೆ ಐದು ವರ್ಷ ಬಡ್ಡಿ ತೆರುತ್ತಾನೆ. ಆ ಬಿರಿಯಾನಿ ಉಂಡು ಬಂದ ನಾವೇ ಮರುವರ್ಷ ಅವನನ್ನು ಸಾಲಗಾರನೆಂದು ಆಡಿಕೊಳ್ಳುತ್ತೇವೆ. ಬಡ್ಡಿಯ ವಿರುದ್ಧ ಖುತುಬಾ ಕೇಳಿ ತಲೆದೂಗುವವರು ಬಡ್ಡಿಯ ಹಣದಿಂದ ಬೆಂದ ಅನ್ನದ ಮುಂದೆಯೂ ಸ್ವಲ್ಪ ಯೋಚಿಸಬೇಕು.

ಕೊನೆಯದಾಗಿ, ಸಾಲದಿಂದ ಬದುಕೇ ಬೇಡವೆನಿಸಿದವರು ಈ ಸಭೆಯಲ್ಲಿದ್ದರೆ ಅವರಿಗೊಂದು ಮಾತು. ಸಾಲಕ್ಕೆ ವಾಯಿದೆ ಸಿಗುತ್ತದೆ, ರಾಜಿ ಇದೆ, ಕಾನೂನಿದೆ. ಹೋದ ಜೀವಕ್ಕೆ ಇದಾವುದೂ ಇಲ್ಲ, ಸಾಲವೂ ಆ ಜೀವದೊಂದಿಗೆ ಹೋಗುವುದಿಲ್ಲ. ಇಂದೇ ಒಬ್ಬರೊಡನೆ ಬಾಯಿಬಿಟ್ಟು ಹೇಳಿ. ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲೂ ಕರೆ ಮಾಡಬಹುದು. ಮತ್ತು ಕೇಳಿಸಿಕೊಳ್ಳುವವರಿಗೆ ಇನ್ನೊಂದು ಮಾತು: ನಿಮ್ಮೆದುರು ಒಬ್ಬಾತ ಸಾಲದ ಮಾತೆತ್ತಿದರೆ, 'ಯಾಕೆ ಮಾಡಿದೆ' ಎಂದು ಮೊದಲು ಕೇಳಬೇಡಿ. 'ಎಷ್ಟು ಉಳಿದಿದೆ, ಪುಸ್ತಕ ತಾ, ನೋಡೋಣ' ಎನ್ನಿ.

ಅಲ್ಲಾಹನು ನಮ್ಮನ್ನು ಸಾಲದ ಹೊರೆಯಿಂದಲೂ ಜನರ ದಬ್ಬಾಳಿಕೆಯಿಂದಲೂ ರಕ್ಷಿಸಲಿ. ಆಮೀನ್.