ಬಾಗಿಲು ಕಾಯುವ ಯಂತ್ರ, ಯಂತ್ರ ಕಾಯುವ ಕೈ



ಭರತ ಹುಣ್ಣಿಮೆ ಬಂತೆಂದರೆ ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭವಿಷ್ಯ ನುಡಿಯುವ ಕಾರಣಿಕ. ಕೆಲವೇ ದಿನಗಳಲ್ಲಿ ಕೊಟ್ಟೂರಿನಲ್ಲಿ ಕೊಟ್ಟೂರೇಶ್ವರನ ತೇರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಜನವೆಲ್ಲ ಅತ್ತಲೇ. ಇಂಥ ಜನಜಂಗುಳಿ ಇರುವಲ್ಲಿ, ಮಂತ್ರಿಗಳು ಬರುವ ಸಭೆಗಳಲ್ಲಿ ಲೋಹಶೋಧಕ ಬಾಗಿಲುಗಳು ಬೇಕಾಗುತ್ತವೆ. ಅವನ್ನು ಸುಸ್ಥಿತಿಯಲ್ಲಿಡುವ ಸರ್ವೀಸ್ ಎಂಜಿನಿಯರ್ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಬಾಗಿಲಿನ ಕಂಬಗಳೊಳಗೆ ತಂತಿಯ ಸುರುಳಿಗಳಿವೆ. ಅವುಗಳಲ್ಲಿ ಹರಿಯುವ ವಿದ್ಯುತ್ತು ಕ್ಷಣಕ್ಷಣಕ್ಕೂ ಬದಲಾಗುವ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಲೋಹ ಆ ಕ್ಷೇತ್ರದೊಳಗೆ ಬಂದರೆ ಲೋಹದಲ್ಲಿಯೂ ಸಣ್ಣ ಸುಳಿವಿದ್ಯುತ್ತು ಎದ್ದು ಕ್ಷೇತ್ರ ಕದಲುತ್ತದೆ, ಯಂತ್ರ ಕೂಗುತ್ತದೆ. 1881ರಲ್ಲಿ ಗ್ರಹಾಂ ಬೆಲ್, ಗುಂಡೇಟು ತಿಂದಿದ್ದ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ದೇಹದಲ್ಲಿ ಗುಂಡು ಹುಡುಕಲು ಹೊರಟದ್ದೂ ಇದೇ ತತ್ವದಿಂದ. ಹಾಸಿಗೆಯ ಉಕ್ಕಿನ ಸ್ಪ್ರಿಂಗು ಅವರ ಯಂತ್ರವನ್ನು ದಾರಿ ತಪ್ಪಿಸಿತೆನ್ನುತ್ತಾರೆ.

ಜಾತ್ರೆಯ ಬಯಲಿನಲ್ಲೂ ಅದೇ ತೊಡಕು. ಪಕ್ಕದಲ್ಲಿ ಕಬ್ಬಿಣದ ಬ್ಯಾರಿಕೇಡು, ಜನರೇಟರು, ಧ್ವನಿವರ್ಧಕದ ಕೇಬಲ್ಲು. ಕಾಲಡಿ ಅಲುಗುವ ನೆಲ. ಒಂದು ಬಾಗಿಲಿಗೆ ಇನ್ನೊಂದನ್ನು ತೀರಾ ಹತ್ತಿರ ನಿಲ್ಲಿಸಿದರೆ ಒಂದರ ಕ್ಷೇತ್ರ ಮತ್ತೊಂದನ್ನು ಕೆಣಕುತ್ತದೆ. ಎಂಜಿನಿಯರ್ ಜಾಗ ನೋಡಿ, ನೆಲ ಸಮ ಮಾಡಿಸಿ, ಬ್ಯಾಟರಿ ಪರೀಕ್ಷಿಸುತ್ತಾರೆ. ಆಮೇಲೆ ಪರೀಕ್ಷೆಯ ಲೋಹದ ತುಂಡನ್ನು ಪಾದ, ಸೊಂಟ, ತಲೆಯ ಮಟ್ಟದಲ್ಲಿ ಹಿಡಿದು ಮತ್ತೆ ಮತ್ತೆ ದಾಟುತ್ತಾರೆ. ಸೂಕ್ಷ್ಮತೆ ಹೆಚ್ಚಾದರೆ ಬೀಗದ ಕೈಗೂ ಕೂಗು. ಕಡಿಮೆಯಾದರೆ ಚಾಕುವಿಗೂ ಮೌನ. ತ್ರಿಶೂಲ, ಗಂಟೆ ಹಿಡಿದ ಮೈಲಾರಲಿಂಗನ ಭಕ್ತ ಗೊರವಯ್ಯ ಬಂದರಂತೂ ಕೂಗೇ ಕೂಗು. ಅಲ್ಲಿ ಪೊಲೀಸರ ಕಣ್ಣು, ಕೈಯಂತ್ರಗಳೇ ಆಧಾರ. ಸುಮ್ಮಸುಮ್ಮನೆ ಕೂಗುವ ಯಂತ್ರದ ಮಾತನ್ನು ಕೊನೆಗೆ ಯಾರೂ ಕೇಳುವುದಿಲ್ಲ.

ವಿಮಾನ ನಿಲ್ದಾಣದಲ್ಲಿ ಚೀಲ ನೋಡುವ ಸ್ಕ್ಯಾನರಿನ ಬಗೆ ಬೇರೆ. ಅದು 1895ರಲ್ಲಿ ರಾಂಟ್‌ಜೆನ್ ಕಂಡ ಎಕ್ಸ್-ರೇಯಿಂದ ನಡೆಯುತ್ತದೆ. ಪರದೆಯಲ್ಲಿ ಆಹಾರ, ಬಟ್ಟೆಯಂಥವು ಕಿತ್ತಳೆ ಬಣ್ಣಕ್ಕೆ, ಲೋಹ ನೀಲಿಗೆ ತಿರುಗುತ್ತವೆ. ಕಿರಣ ಹೊರಸೋರದಂತೆ ಬಾಯಿಗೆ ಸೀಸದ ಪರದೆಗಳಿರುತ್ತವೆ. ಪರದೆ ಹರಿದಿದೆಯೇ, ತುರ್ತು ಗುಂಡಿ ಒತ್ತಿದೊಡನೆ ಯಂತ್ರ ನಿಲ್ಲುತ್ತದೆಯೇ ಎಂದು ನೋಡುವುದೂ ಈ ಎಂಜಿನಿಯರರ ಹೊಣೆ.

ಬಾಗಿಲು ಅಣಿಗೊಳಿಸಲು ಇಷ್ಟೆಲ್ಲ ಕೆಲಸ ಇರುವುದರಿಂದ ಜಾತ್ರೆ, ಸಭೆ ನಡೆಸುವವರಲ್ಲಿ ನನ್ನ ವಿನಂತಿ: ಜನ ಸೇರಿದ ಮೇಲೆ ಯಂತ್ರ ತಂದು ನಿಲ್ಲಿಸಬೇಡಿ. ಒಂದು ದಿನ ಮೊದಲೇ ಜಾಗ ಕೊಡಿ, ಪರೀಕ್ಷೆಗೆ ಸಮಯ ಕೊಡಿ. ಕೇಳುಗರೇ, ಎದೆಯಲ್ಲಿ ಪೇಸ್‌ಮೇಕರ್ ಇದ್ದವರು ಪೊಲೀಸರಿಗೆ ಮೊದಲೇ ತಿಳಿಸಿ. ಉಳಿದವರು ತಳ್ಳಾಡದೆ ಒಬ್ಬೊಬ್ಬರಾಗಿ ದಾಟಿ.