ನೌಕರರ ರಾಜ್ಯ ವಿಮೆಯೇ, ಖಾಸಗಿ ಆರೋಗ್ಯ ವಿಮೆಯೇ?



ಹುಟ್ಟೂರನ್ನು ಬಿಟ್ಟು ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯಂಥ ನಗರಗಳಲ್ಲಿ ದುಡಿದು ಬಾಳುತ್ತಿರುವ ನಮ್ಮವರಿಗೆ ಕಾಯಿಲೆಯು ಎರಡು ಬಗೆಯ ಸಂಕಟವನ್ನು ತರುತ್ತದೆ. ಒಂದು, ಆಸ್ಪತ್ರೆಯ ವೆಚ್ಚ. ಇನ್ನೊಂದು, ದುಡಿಮೆ ನಿಂತ ದಿನಗಳಲ್ಲಿ ಕೈತಪ್ಪುವ ಸಂಬಳ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಕೋಣೆಯ ಬಾಡಿಗೆ ಕೊಡುವಾಗ, ಊರಿಗೆ ಹಣ ಕಳುಹಿಸುವ ದಿನ ಬಂದಾಗ ಮಾತ್ರ ಅರಿವಿಗೆ ಬರುತ್ತದೆ. ಇಂದಿನ ನನ್ನ ಮಾತು ಈ ಎರಡನೆಯ ಸಂಕಟವನ್ನು ಮರೆಯಬಾರದೆಂಬುದನ್ನು ಕುರಿತದ್ದು.

"ಪ್ರತಿ ತಿಂಗಳೂ ಇ.ಎಸ್.ಐ. ಎಂದು ಸಂಬಳದಲ್ಲಿ ಹಣ ಹಿಡಿಯುತ್ತಾರೆ. ಅದರ ಬದಲು ಒಂದು ಮೆಡಿಕ್ಲೇಮ್ ಪಾಲಿಸಿ ಕೊಂಡರೆ ಮೇಲಲ್ಲವೆ?" ಎಂಬ ಪ್ರಶ್ನೆಯನ್ನು ಅನೇಕರು ಕೇಳುತ್ತಾರೆ. ಪ್ರಶ್ನೆ ಸಹಜವಾದುದೇ. ಆದರೆ ಉತ್ತರ ಹೇಳುವ ಮೊದಲು ಈ ಎರಡೂ ಏನೆಂಬುದನ್ನು ತಿಳಿಯಬೇಕು.

ನೌಕರರ ರಾಜ್ಯ ವಿಮೆಯ ಸ್ವರೂಪ

ಪ್ರೊ. ಬಿ.ಪಿ. ಅಡಾರ್ಕರ್ ಅವರು 1944ರಲ್ಲಿ ಸಲ್ಲಿಸಿದ ವರದಿಯು ಈ ಯೋಜನೆಗೆ ತಳಹದಿ. 1948ರಲ್ಲಿ ಕಾಯಿದೆ ಬಂದಿತು. 1952ರ ಫೆಬ್ರವರಿ 24ರಂದು ಕಾನ್ಪುರ ಮತ್ತು ದೆಹಲಿಗಳಲ್ಲಿ ಯೋಜನೆ ಜಾರಿಗೊಂಡಿತು. 2025ರ ನವೆಂಬರ್ 21ರಿಂದ ಆ ಕಾಯಿದೆಯ ಸ್ಥಾನದಲ್ಲಿ 2020ರ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಯೋಜನೆಯು ಅದರ ಅಡಿಯಲ್ಲಿ ಮುಂದುವರಿದಿದೆ.

ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಾರ್ಖಾನೆ, ಅಂಗಡಿ, ಹೋಟೆಲು ಮುಂತಾದ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. ನೌಕರನ ಮಾಸಿಕ ವೇತನದ ಮಿತಿಯನ್ನು 2017ರ ಜನವರಿ 1ರಿಂದ 21,000 ರೂಪಾಯಿಗೆ ಏರಿಸಲಾಯಿತು. 2019ರ ಜುಲೈನಿಂದ ವಂತಿಗೆಯ ದರ ಇಳಿದು, ನೌಕರನ ಪಾಲು ವೇತನದ ಶೇಕಡಾ 0.75, ಮಾಲೀಕನ ಪಾಲು ಶೇಕಡಾ 3.25 ಎಂದು ಗೊತ್ತಾಯಿತು. ಅಂದರೆ 20,000 ರೂಪಾಯಿ ಪಡೆಯುವವನ ಸಂಬಳದಿಂದ ಕಡಿತವಾಗುವುದು 150 ರೂಪಾಯಿ. ಅವನ ಹೆಸರಿನಲ್ಲಿ ಮಾಲೀಕನು ಕಟ್ಟುವುದು 650 ರೂಪಾಯಿ. ಈ ಎರಡನೆಯ ಮೊತ್ತ ವೇತನಚೀಟಿಯಲ್ಲಿ ಕಾಣದಿರಬಹುದು; ಆದ್ದರಿಂದಲೇ ಅನೇಕರು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮಿತಿಯೊಳಗಿನ ನೌಕರನಿಗೆ ಈ ವಿಮೆ ಕಡ್ಡಾಯ. "ಇ.ಎಸ್.ಐ. ಬೇಡ, ಮೆಡಿಕ್ಲೇಮ್ ಮಾಡಿಸಿಕೊಡುತ್ತೇವೆ" ಎಂದು ಮಾಲೀಕರು ಹೇಳುವಂತಿಲ್ಲ, ನೌಕರರೂ ಒಪ್ಪುವಂತಿಲ್ಲ. ಮೆಡಿಕ್ಲೇಮ್ ಕೊಡುವುದಾದರೆ ಅದು ಇದರ ಜೊತೆಗೆ ಸೇರಬೇಕೇ ಹೊರತು ಇದರ ಬದಲಿಗಲ್ಲ.

ಒಂದು ಉದಾಹರಣೆ

ಮುಂಬೈನ ಹೋಟೆಲೊಂದರಲ್ಲಿ ತಿಂಗಳಿಗೆ 20,000 ರೂಪಾಯಿಗೆ ದುಡಿಯುವ ಅಡುಗೆಯವರೊಬ್ಬರನ್ನು ಕಲ್ಪಿಸಿಕೊಳ್ಳಿ. ಹೆಂಡತಿ, ಮಕ್ಕಳು, ವೃದ್ಧ ತಾಯಿ ಕುಂದಾಪುರದಲ್ಲಿದ್ದಾರೆ. ಒಂದು ದಿನ ಕಾದ ಎಣ್ಣೆ ಕೈಮೇಲೆ ಬೀಳುತ್ತದೆ. ಎಂಟು ದಿನ ಆಸ್ಪತ್ರೆಯಲ್ಲಿ, ಮೂರು ತಿಂಗಳು ಮನೆಯಲ್ಲಿ.

ಅವರಲ್ಲಿ ಮೆಡಿಕ್ಲೇಮ್ ಪಾಲಿಸಿ ಮಾತ್ರವಿದ್ದರೆ, ಷರತ್ತುಗಳಿಗೆ ಒಳಪಟ್ಟು ಎಂಟು ದಿನದ ಬಿಲ್ಲು ಸಂದಾಯವಾಗುತ್ತದೆ. ಅಲ್ಲಿಗೆ ಅದರ ಕೆಲಸ ಬಹುಮಟ್ಟಿಗೆ ಮುಗಿಯಿತು. ಮೂರು ತಿಂಗಳ ಸಂಬಳದ ಹೊಣೆ ಅದರದಲ್ಲ. ಇ.ಎಸ್.ಐ. ಇದ್ದರೆ ಚಿಕಿತ್ಸೆಯ ಜೊತೆಗೆ, ಕೆಲಸ ಮಾಡಲಾಗದಷ್ಟು ಕಾಲವೂ ವೇತನದ ಸುಮಾರು ಶೇಕಡಾ 90ರಷ್ಟು, ಅಂದರೆ ತಿಂಗಳಿಗೆ 18,000 ರೂಪಾಯಿಯಷ್ಟು ನಗದು ದೊರೆಯುತ್ತದೆ. ಅವರು ಕೆಲಸಕ್ಕೆ ಸೇರಿ ಎಷ್ಟು ದಿನವಾಯಿತೆಂದು ಇಲ್ಲಿ ಕೇಳುವುದಿಲ್ಲ. ಮೊದಲ ದಿನವೇ ಅಪಘಾತವಾದರೂ ಹಕ್ಕು ಉಂಟು. ಕೈ ಶಾಶ್ವತವಾಗಿ ಊನವಾದರೆ, ಗಳಿಕೆಯ ಶಕ್ತಿ ಎಷ್ಟು ಕುಂದಿತೆಂಬುದನ್ನು ನೋಡಿ ಜೀವನಪರ್ಯಂತ ಮಾಸಿಕ ಪರಿಹಾರವಿದೆ. ಅವರು ಮೃತರಾದರೆ ಅವಲಂಬಿತರಿಗೆ ಮಾಸಿಕ ಸೌಲಭ್ಯವಿದೆ. ಮನೆಯಿಂದ ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ ಆದ ಅಪಘಾತವನ್ನೂ, ಕೆಲಸದೊಂದಿಗೆ ಅದರ ಸಂಬಂಧ ಸ್ಪಷ್ಟವಾಗಿದ್ದರೆ, ಉದ್ಯೋಗದ ಗಾಯವೆಂದೇ ಪರಿಗಣಿಸಲಾಗುತ್ತದೆ. ಲೋಕಲ್ ರೈಲಿನಲ್ಲಿ ದಿನವೂ ನೇತಾಡುತ್ತ ಹೋಗುವವರು ಈ ಮಾತನ್ನು ಗಮನದಲ್ಲಿಡಬೇಕು.

ಕೆಲಸಕ್ಕೆ ಸಂಬಂಧಿಸದ ಸಾಮಾನ್ಯ ಕಾಯಿಲೆಗೂ ವರ್ಷದಲ್ಲಿ 91 ದಿನಗಳವರೆಗೆ ವೇತನದ ಶೇಕಡಾ 70ರ ದರದಲ್ಲಿ ಸೌಲಭ್ಯವಿದೆ. ಇದಕ್ಕೆ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನಗಳ ವಂತಿಗೆ ಸಂದಿರಬೇಕು. ಕ್ಷಯ, ಕ್ಯಾನ್ಸರ್ ಮೊದಲಾದ ನಿರ್ದಿಷ್ಟ ದೀರ್ಘರೋಗಗಳಿಗೆ ಶೇಕಡಾ 80ರ ದರದಲ್ಲಿ ಎರಡು ವರ್ಷಗಳವರೆಗೆ ವಿಸ್ತರಣೆ ಉಂಟು. ಮಹಿಳಾ ನೌಕರರಿಗೆ 26 ವಾರಗಳ ಹೆರಿಗೆ ಸೌಲಭ್ಯ ಪೂರ್ಣ ವೇತನದ ದರದಲ್ಲಿ ದೊರೆಯುತ್ತದೆ. ಊರಿನಲ್ಲಿ ಉಳಿದ ಕುಟುಂಬವೂ ಅಲ್ಲಿಗೆ ಹತ್ತಿರದ ಇ.ಎಸ್.ಐ. ಚಿಕಿತ್ಸಾಲಯದಲ್ಲಿ ಚಿಕಿತ್ಸೆ ಪಡೆಯಬಹುದು. ಇದಕ್ಕಾಗಿ ಕುಟುಂಬದವರ ಹೆಸರು, ವಿಳಾಸಗಳನ್ನು ಮೊದಲೇ ದಾಖಲಿಸಿರಬೇಕು. ದೂರದೂರಲ್ಲಿ ದುಡಿಯುವ ನಮ್ಮವರು ಇದನ್ನು ಅಲಕ್ಷಿಸಬಾರದು.

ಖಾಸಗಿ ವಿಮೆಯ ಗುಣ, ಮಿತಿ

ಇ.ಎಸ್.ಐ.ಯಲ್ಲಿ ಕುಂದುಗಳಿಲ್ಲವೆಂದು ನಾನು ಹೇಳುವುದಿಲ್ಲ. ಚಿಕಿತ್ಸಾಲಯದಲ್ಲಿ ಸಾಲು ಉದ್ದವಿರಬಹುದು. ಔಷಧಿಗಾಗಿ ಮತ್ತೆ ಬರಬೇಕಾಗಬಹುದು. ಆಸ್ಪತ್ರೆ ಮನೆಯಿಂದ ದೂರವಿರಬಹುದು. ದೊಡ್ಡ ಚಿಕಿತ್ಸೆಗೆ ಬೇರೆ ಆಸ್ಪತ್ರೆಗೆ ಹೋಗಬೇಕಾದರೆ ಶಿಫಾರಸು ಪತ್ರ ಬೇಕು. ಖಾಸಗಿ ವಿಮೆಯ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಪಾಲಿಸಿದಾರನು ತನಗೆ ಬೇಕಾದ ಆಸ್ಪತ್ರೆಯನ್ನು, ಬೇಕಾದ ವೈದ್ಯರನ್ನು ಆರಿಸಿಕೊಳ್ಳಬಹುದು.

ನಮ್ಮ ದೇಶದಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು 1986ರಲ್ಲಿ ಸರ್ಕಾರಿ ಸಾಮಾನ್ಯ ವಿಮಾ ಕಂಪನಿಗಳು ಆರಂಭಿಸಿದವು. 1999ರ ಶಾಸನದ ತರುವಾಯ ಖಾಸಗಿ ಕಂಪನಿಗಳೂ ಈ ಕ್ಷೇತ್ರಕ್ಕೆ ಬಂದವು. ವೈಯಕ್ತಿಕ ಆರೋಗ್ಯ ಪಾಲಿಸಿಯ ಪ್ರೀಮಿಯಂ ಮೇಲಿದ್ದ ಶೇಕಡಾ 18ರ ಜಿ.ಎಸ್.ಟಿ.ಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ.

ಆದರೆ ಪ್ರೀಮಿಯಂ ವಯಸ್ಸಿನೊಂದಿಗೆ ಏರುತ್ತದೆ, ಇ.ಎಸ್.ಐ. ವಂತಿಗೆಯಾದರೋ ವಯಸ್ಸನ್ನಾಗಲಿ ಕುಟುಂಬದ ಗಾತ್ರವನ್ನಾಗಲಿ ನೋಡುವುದಿಲ್ಲ. ಪಾಲಿಸಿಗೆ ವಿಮಾ ಮೊತ್ತದ ಮಿತಿಯಿದೆ. ಸಾಮಾನ್ಯವಾಗಿ ಆರಂಭದ 30 ದಿನಗಳಲ್ಲಿ ಅಪಘಾತವನ್ನು ಬಿಟ್ಟು ಬೇರೆ ಕಾಯಿಲೆಗೆ ಹಣ ಸಿಗುವುದಿಲ್ಲ. ಪಾಲಿಸಿ ಕೊಳ್ಳುವ ಮೊದಲೇ ಇದ್ದ ಮಧುಮೇಹ, ರಕ್ತದೊತ್ತಡದಂಥ ಕಾಯಿಲೆಗಳಿಗೆ ಕಾಯುವ ಅವಧಿಯುಂಟು. 2024ರ ಏಪ್ರಿಲ್‌ನಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಇದರ ಗರಿಷ್ಠ ಮಿತಿಯನ್ನು 48 ತಿಂಗಳಿನಿಂದ 36 ತಿಂಗಳಿಗೆ ಇಳಿಸಿತು. ಇಳಿದರೂ ಅದು ಮೂರು ವರ್ಷ. ಇ.ಎಸ್.ಐ.ಯಲ್ಲಿ ಹಳೆಯ ಕಾಯಿಲೆ, ಹೊಸ ಕಾಯಿಲೆ ಎಂಬ ಭೇದವಿಲ್ಲ.

ಪಾಲಿಸಿಯ ಅರ್ಜಿಯಲ್ಲಿ ಇರುವ ಕಾಯಿಲೆಯನ್ನು ಎಂದೂ ಮುಚ್ಚಿಡಬೇಡಿ. ಪ್ರೀಮಿಯಂ ತುಸು ಹೆಚ್ಚಾದೀತೆಂಬ ಹೆದರಿಕೆಯಿಂದ ಮುಚ್ಚಿಟ್ಟವರು, ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗ ಪಾಲಿಸಿಯನ್ನೇ ಕಳೆದುಕೊಳ್ಳುವ ಪ್ರಸಂಗ ಬರುತ್ತದೆ.

ನಿಜವಾದ ಆಯ್ಕೆಯ ಘಳಿಗೆ

ಹಾಗಾದರೆ ಆಯ್ಕೆ ಎಲ್ಲಿದೆ? ಸಂಬಳ ಮಿತಿಯನ್ನು ದಾಟುವ ಘಳಿಗೆಯಲ್ಲಿದೆ.

20,500 ರೂಪಾಯಿಯಿದ್ದ ಸಂಬಳ ಜುಲೈನಲ್ಲಿ 21,500 ಆಯಿತೆನ್ನಿ. ಮನೆಯಲ್ಲಿ ಸಂತೋಷ. ಆದರೆ ಆ ಸಾವಿರ ರೂಪಾಯಿಯ ಹಿಂದೆ, ಕುಟುಂಬದ ಒಂದು ಆಸರೆ ಕಳಚಿಕೊಳ್ಳಲಿದೆ. ಅದು ಅಂದೇ ಕಳಚುವುದಿಲ್ಲ ಎಂಬುದೇ ಇಲ್ಲಿ ಮುಖ್ಯ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನದು ಒಂದು ವಂತಿಗೆ ಅವಧಿ. ನಡುವೆ ಸಂಬಳ ಏರಿದರೂ ಸೆಪ್ಟೆಂಬರ್ 30ರವರೆಗೆ ವಂತಿಗೆ ಕಟ್ಟಬೇಕು. ಅದಕ್ಕೆ ಪ್ರತಿಯಾದ ಸೌಲಭ್ಯ ಅವಧಿಯು ಮರುವರ್ಷದ ಜೂನ್ 30ರವರೆಗೆ ನಡೆಯುತ್ತದೆ. ಅಂದರೆ ಎಚ್ಚೆತ್ತುಕೊಳ್ಳಲು ಸುಮಾರು ಒಂದು ವರ್ಷದ ಕಾಲಾವಕಾಶ ಕೈಯಲ್ಲಿದೆ.

ಖಾಸಗಿ ಪಾಲಿಸಿಯನ್ನು ಕೊಳ್ಳಬೇಕಾದುದು ಈ ವರ್ಷದಲ್ಲಿ, ಆರೋಗ್ಯ ಚೆನ್ನಾಗಿರುವಾಗ, ಇ.ಎಸ್.ಐ. ಇನ್ನೂ ಜೀವಂತವಾಗಿರುವಾಗ. ಆಗ ಕಾಯುವ ಅವಧಿಯ ಒಂದು ಭಾಗವಾದರೂ ಹಳೆಯ ಆಸರೆಯ ನೆರಳಿನಲ್ಲೇ ಕಳೆದುಹೋಗುತ್ತದೆ. ಜೂನ್ ಮುಗಿದ ಮೇಲೆ, ಕಾಯಿಲೆ ಕಾಣಿಸಿಕೊಂಡ ಮೇಲೆ ಪಾಲಿಸಿಗೆ ಓಡುವುದು, ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ.

ಸಂಸ್ಥೆಯು ಗುಂಪು ವಿಮೆ ಕೊಟ್ಟಿದ್ದರೆ ಸಂತೋಷ. ಆದರೆ ಅದು ಸಾಮಾನ್ಯವಾಗಿ ಕೆಲಸ ಬಿಡುವುದರೊಂದಿಗೆ ಮುಗಿಯುತ್ತದೆ. ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅವಕಾಶವನ್ನು ಕೆಲಸ ಬಿಡುವ ಮೊದಲೇ ವಿಚಾರಿಸಿರಿ. ಸಂಬಳದ ರಕ್ಷಣೆಗಾಗಿ ಪ್ರತ್ಯೇಕ ವೈಯಕ್ತಿಕ ಅಪಘಾತ ಪಾಲಿಸಿಯನ್ನು ಪಡೆಯುವುದೂ ಒಳ್ಳೆಯದು. ಇ.ಎಸ್.ಐ.ಯಿಂದ ಹೊರಬಂದವರು ಕೆಲಸದಲ್ಲಿ ಗಾಯಗೊಂಡರೆ ಪರಿಹಾರದ ಹೊಣೆ ನೇರವಾಗಿ ಮಾಲೀಕನದು. ಆದರೆ ಶಾಶ್ವತ ಊನಕ್ಕೆ ಅಲ್ಲಿ ದೊರೆಯುವುದು ಒಂದೇ ಬಾರಿಯ ಇಡಿಗಂಟು, ಜೀವನಪರ್ಯಂತದ ಮಾಸಿಕ ಹಣವಲ್ಲ.

ಖಾಸಗಿ ಪಾಲಿಸಿಯ ವಿಷಯದಲ್ಲಿ ದೂರಿದ್ದರೆ ಮೊದಲು ಕಂಪನಿಗೆ ಬರೆಯಿರಿ. ಅಲ್ಲಿ ನ್ಯಾಯ ದೊರಕದಿದ್ದರೆ ವಿಮಾ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಬೆಂಗಳೂರುಗಳಲ್ಲಿ ಅವರ ಕಚೇರಿಗಳಿವೆ.

ಬಂಧುಗಳೇ, ಒಂದು ವಿಮೆ ಆಸ್ಪತ್ರೆಯ ಬಿಲ್ಲನ್ನು ನೋಡುತ್ತದೆ. ಇನ್ನೊಂದು ಅದರ ಜೊತೆಗೆ ಮನೆಯ ಒಲೆಯನ್ನೂ ನೋಡುತ್ತದೆ. ಮಿತಿಯೊಳಗಿರುವವರು ಇ.ಎಸ್.ಐ.ಯನ್ನು ಹಕ್ಕಿನಿಂದ ಬಳಸಿರಿ, ಅನುಕೂಲವಿದ್ದರೆ ಒಂದು ಸಣ್ಣ ಪಾಲಿಸಿಯನ್ನು ಅದರ ಜೊತೆಗಿಡಿರಿ. ಮಿತಿ ದಾಟುವವರು ಹೊಸ ಆಸರೆಯನ್ನು ಹಿಡಿದ ಮೇಲೆ ಹಳೆಯದನ್ನು ಬಿಡಿರಿ. ಇಂದು ಮನೆಗೆ ಹೋದ ಕೂಡಲೇ ವೇತನಚೀಟಿಯನ್ನು ತೆಗೆದು, ನಿಮ್ಮ ವಿಮಾ ಸಂಖ್ಯೆ ಸರಿಯಿದೆಯೇ, ಊರಿನಲ್ಲಿರುವ ತಾಯಿ, ಹೆಂಡತಿ, ಮಕ್ಕಳ ಹೆಸರು ದಾಖಲಾಗಿದೆಯೇ ಎಂದು ನೋಡಿಕೊಳ್ಳಿರಿ. ಅಷ್ಟು ಮಾಡಿದರೆ ಈ ಮಾತು ಸಾರ್ಥಕವಾಯಿತೆಂದು ಭಾವಿಸುತ್ತೇನೆ.